ಆಂಗ್ಲಭಾಷೆಯ ‘ಡಾಗ್’ ಶಬ್ದದ ನಾನಾರ್ಥವಿಚಾರ

1

ಒಂದೇ ಪದಾರ್ಥಕ್ಕೆ ಹಲವು ಹೆಸರುಗಳಿದ್ದರೆ ಅವುಗಳನ್ನು ಪರ್ಯಾಯಶಬ್ದಗಳೆಂದೂ, ಒಂದೇ ಹೆಸರಿಗೆ ಹಲವು ಪದಾರ್ಥಗಳಿದ್ದರೆ ಅದನ್ನು ನಾನಾರ್ಥಶಬ್ದವೆಂದೂ ಕೋಶಕಾರರು ವ್ಯವಹರಿಸುವರು. ಅಮರಸಿಂಹನು ಇವೆರಡನ್ನೂ ಬೇರೆಬೇರೆ ವರ್ಗಗಳಲ್ಲಿ ಸಂಗ್ರಹಿಸಿರುವನು. ನಾಯಿಗೆ ಅವನು ಹೇಳಿರುವ ಹೆಸರುಗಳು ಏಳು: ಕೌಲೇಯಕ, ಸಾರಮೇಯ, ಕುಕ್ಕುರ, ಮೃಗದಂಶಕ, ಶುನಕ, ಭಷಕ, ಶ್ವಾ. ಇವುಗಳಲ್ಲಿ ಕೆಲವಕ್ಕೆ ಕಾರಣವು ಸ್ಪಷ್ಟವಾಗಿದೆ. ಕುಲದಲ್ಲಿ, ಎಂದರೆ ಮನೆಯಲ್ಲಿ, ಇರತಕ್ಕದ್ದು ಕೌಲೇಯಕ, ದೇವಶುನಿಯಾದ ಸರಮೆಯ ಸಂತತಿಯು ಸಾರಮೇಯ, ಮೃಗಗಳನ್ನು ಕಚ್ಚಿ ಹಿಡಿಯುವುದು ಮೃಗದಂಶಕ, ಬೊಗಳುವುದು ಭಷಕ. ಒಂದು ಪ್ರಾಣಿಯ ಒಂದೊಂದು ಗುಣವನ್ನು ಹಿಡಿದು ಒಂದೊಂದು ಹೆಸರು ಹುಟ್ಟಿದೆಯೆಂಬುದು ಇದರಿಂದ ತಿಳಿಯುವುದು.

ಆಂಗ್ಲಭಾಷೆಯು ಇದೇ ಪ್ರಾಣಿಯ ವಿಷಯದಲ್ಲಿ ಇದಕ್ಕೆ ವಿಪರೀತವಾದ ಮಾರ್ಗವನ್ನು ಹಿಡಿದಿದೆ. ಅಲ್ಲಿ ಗುಣಗಳಿಂದ ಹೆಸರುಗಳು ಹೆಚ್ಚಲಿಲ್ಲ. ಒಂದೇ ಹೆಸರಿನ ಅರ್ಥಗಳು ಹೆಚ್ಚಿದವು. ‘ಡಾಗ್’ ಎಂದರೆ ನಾಯಿ. ಆದರೆ ಅಗ್ಗಿಷ್ಟಿಕೆಯಲ್ಲಿ ಸೌದೆಯನ್ನು ಹೊರುವ ಕಬ್ಬಿಣದ ಕಾಲೂ ‘ಡಾಗ್’. ಮರದ ತೊಲೆಯನ್ನು ಕಚ್ಚಿ ಹಿಡಿಯುವ ಕೊಕ್ಕೆಯೂ ‘ಡಾಗ್’. ಒಬ್ಬನ ಹೆಜ್ಜೆಯ ಮೇಲೆ ಹೆಜ್ಜೆಯನ್ನಿಟ್ಟು ಬೆನ್ನಟ್ಟುವುದೂ ‘ಡಾಗ್’ ಎಂಬ ಕ್ರಿಯೆಯೇ. ಸಮಾಸಗಳನ್ನು ಸೇರಿಸಿದರೆ ಆಕಾಶದ ನಕ್ಷತ್ರ, ಹಡಗಿನ ಪಹರೆ, ಕಾಡಿನ ಹೂ, ಕೆಟ್ಟ ಪದ್ಯ, ಪುಸ್ತಕದ ಮಡಿಸಿದ ಹಾಳೆ ಇವೆಲ್ಲವೂ ಆ ಶಬ್ದದ ಪರಿವಾರದೊಳಗೆ ಬರುತ್ತವೆ.

ಈ ಅರ್ಥಗಳನ್ನು ಒಂದರ ಕೆಳಗೊಂದು ಅಂಕಿಯಿಟ್ಟು ಬರೆದುಬಿಡುವುದು ಸುಲಭ. ಹಾಗೆ ಬರೆದ ಪಟ್ಟಿಯನ್ನು ಬಾಯಿಪಾಠಮಾಡಿದ ವಿದ್ಯಾರ್ಥಿಗೆ ಪಟ್ಟಿಯಲ್ಲಿಲ್ಲದ ಪ್ರಯೋಗವೊಂದು ಎದುರಾದಾಗ ದಾರಿ ತೋರದು. ಆದುದರಿಂದ ಈ ಅರ್ಥಗಳಿಗೆ ಪರಸ್ಪರ ಸಂಬಂಧವೇನು, ಇದು ಒಂದೇ ಶಬ್ದವೋ ಒಂದೇ ರೂಪದ ಅನೇಕ ಶಬ್ದಗಳೋ, ಕನ್ನಡಕ್ಕೆ ತರುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿಷಯಗಳನ್ನು ವಿಚಾರಮಾಡುವುದು ಅವಶ್ಯವಾಗಿದೆ.

2

ಮೊದಲು ಶಬ್ದದ ಕುಲವನ್ನು ನೋಡತಕ್ಕದ್ದು. ಸಂಸ್ಕೃತದ ‘ಶ್ವನ್’, ಗ್ರೀಕರ ‘ಕ್ಯೂಓನ್’, ಲ್ಯಾಟಿನಿನ ‘ಕಾನಿಸ್’ ಇವು ಒಂದೇ ಮೂಲದಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುವರು. ಈ ವಂಶದಲ್ಲಿ ಸಂಸ್ಕೃತದ ಶಕಾರವಿರುವ ಕೆಲವು ಕಡೆಗಳಲ್ಲಿ ಆಂಗ್ಲಭಾಷೆಯಲ್ಲಿ ಹಕಾರವು ಕಾಣುವುದು. ‘ಶತ’ಕ್ಕೆ ‘ಹಂಡ್ರೆಡ್’, ‘ಶೃಂಗ’ಕ್ಕೆ ‘ಹಾರ್ನ್’ ಎಂಬಿವು ಇದಕ್ಕೆ ನಿದರ್ಶನಗಳು. ಅದೇ ರೀತಿಯಲ್ಲಿ ‘ಶ್ವನ್’ ಶಬ್ದದ ಜ್ಞಾತಿಯು ಪ್ರಾಚೀನ ಆಂಗ್ಲಭಾಷೆಯ ‘ಹುಂಡ್’. ಅದೇ ಇಂದಿನ ‘ಹೌಂಡ್’. ಜರ್ಮನರಲ್ಲಿ ಈಗಲೂ ‘ಹುಂಡ್’ ಎಂಬುದೇ ನಾಯಿಯ ಸಾಮಾನ್ಯನಾಮ.

ಹೀಗಿರಲಾಗಿ ‘ಡಾಗ್’ ಎಂಬುದು ಎಲ್ಲಿಂದ ಬಂತು? ಅದಕ್ಕೆ ಸಂಸ್ಕೃತದಲ್ಲಾಗಲಿ ಗ್ರೀಕ್ ಲ್ಯಾಟಿನ್‌ಗಳಲ್ಲಾಗಲಿ ನಿಶ್ಚಿತವಾದ ಬಂಧುವಿಲ್ಲ. ಪ್ರಾಚೀನ ಆಂಗ್ಲಭಾಷೆಯಲ್ಲಿ ‘ಡಾಕ್ಗ’ ಎಂಬ ರೂಪವು ಬಹಳ ವಿರಳವಾಗಿ ದೊರೆಯುವುದು. ಲ್ಯಾಟಿನ್ ಗ್ರಂಥದ ಶಬ್ದಗಳಿಗೆ ಬರೆದ ಅರ್ಥಟಿಪ್ಪಣಿಯಲ್ಲಿ ಅದು ಕಂಡುಬಂದಿದೆ. ಕಪ್ಪೆಯ ಹೆಸರಾದ ‘ಫ್ರಾಗ್’, ಹಂದಿಯ ಹೆಸರಾದ ‘ಪಿಗ್’, ಗಂಡುಜಿಂಕೆಯ ಹೆಸರಾದ ‘ಸ್ಟ್ಯಾಗ್’ ಇವುಗಳ ಹಳೆಯ ರೂಪಗಳಿಗೂ ಇದೇ ಬಗೆಯ ಅಂತ್ಯವಿರುವುದರಿಂದ ಇವೆಲ್ಲವೂ ಜನರ ಆಡುಮಾತಿನಲ್ಲಿ ಹುಟ್ಟಿ, ಗ್ರಂಥಸ್ಥವಾಗದೆ ಬಹುಕಾಲ ಬಳಕೆಯಲ್ಲಿದ್ದ ಹೆಸರುಗಳಾಗಿರಬೇಕೆಂದು ಊಹಿಸುವರು. ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳು ಮುಂದೆ ಈ ಶಬ್ದವನ್ನು ಆಂಗ್ಲರಿಂದ ಎರವಲು ಪಡೆದವಾದರೂ, ಅಲ್ಲಿ ಅದಕ್ಕೆ ದೊಡ್ಡ ಜಾತಿಯ ಬಲಿಷ್ಠವಾದ ನಾಯಿಯೆಂಬ ವಿಶೇಷಾರ್ಥವೇ ನಿಂತಿತು.

ಆಂಗ್ಲರಲ್ಲಿ ಮಾತ್ರ ಅನಾಮಧೇಯ ಕುಲದ ಈ ಶಬ್ದವು ಸತ್ಕುಲಪ್ರಸೂತವಾದ ‘ಹುಂಡ್’ ಶಬ್ದವನ್ನು ಅದರ ಸ್ಥಾನದಿಂದ ತಳ್ಳಿಬಿಟ್ಟಿತು. 16ನೆಯ ಶತಮಾನದ ಹೊತ್ತಿಗೆ ‘ಡಾಗ್’ ಜಾತಿವಾಚಕವೂ, ‘ಹೌಂಡ್’ ಬೇಟೆನಾಯಿಯೆಂಬ ಭೇದದ ವಾಚಕವೂ ಆಗಿದ್ದವು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮೂರನೆಯ ಅಂಕದಲ್ಲಿ ಇದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ತಾವೂ ಮನುಷ್ಯರೇ ಎನ್ನುವ ಕೊಲೆಗಾರರಿಗೆ ಮ್ಯಾಕ್‌ಬೆತ್ ಉತ್ತರ ಕೊಡುತ್ತ, ‘ಹೌಂಡ್’ ಮೊದಲಾಗಿ ಹಲವು ತಳಿಗಳನ್ನು ಹೆಸರಿಸಿ, ಇವೆಲ್ಲಕ್ಕೂ ‘ಡಾಗ್’ ಎಂಬುದೊಂದೇ ಹೆಸರೆಂದೂ, ಆದರೆ ಯಾವುದು ವೇಗಶಾಲಿ, ಯಾವುದು ಮಂದಗಾಮಿ, ಯಾವುದು ಮನೆ ಕಾಯತಕ್ಕದ್ದು, ಯಾವುದು ಬೇಟೆಯಾಡತಕ್ಕದ್ದು ಎಂದು ಗುಣವನ್ನು ಬರೆದಿಟ್ಟ ಪಟ್ಟಿಯೇ ಬೇರೆಯೆಂದೂ ಹೇಳುವನು. ನ್ಯಾಯಶಾಸ್ತ್ರದ ಸಾಮಾನ್ಯವಿಶೇಷಗಳ ವಿವೇಕವೇ ಅಲ್ಲಿ ನಾಟಕದ ಮಾತಾಗಿದೆ.

ಅರ್ಥವು ಹೀಗೆ ಹಿಗ್ಗುವುದೂ ಕುಗ್ಗುವುದೂ ಭಾಷೆಗಳ ಸ್ವಭಾವ. ಸಂಸ್ಕೃತದ ‘ಮೃಗ’ ಶಬ್ದವು ಮೊದಲು ಕಾಡುಪ್ರಾಣಿಗಳಿಗೆಲ್ಲ ಸಲ್ಲುತ್ತಿತ್ತು. ಸಿಂಹವು ಮೃಗೇಂದ್ರ, ಕಪಿಯು ಶಾಖಾಮೃಗ ಎಂಬ ಪ್ರಯೋಗಗಳಲ್ಲಿ ಆ ಹಳೆಯ ಅರ್ಥವು ಉಳಿದಿದೆ. ಕ್ರಮೇಣ ಅದು ಜಿಂಕೆಯೆಂಬ ಅರ್ಥಕ್ಕೆ ಸಂಕುಚಿತವಾಯಿತು. ಮೃಗಾಕ್ಷಿಯೆಂದರೆ ಸಿಂಹಾಕ್ಷಿಯೆಂದು ಯಾರೂ ತಿಳಿಯರು. ಆಂಗ್ಲಭಾಷೆಯ ‘ಡಿಯರ್’ ಶಬ್ದವೂ ಇದೇ ದಾರಿಯಲ್ಲಿ ನಡೆದಿದೆ. ಜರ್ಮನರ ‘ಟೀರ್’ ಈಗಲೂ ಪ್ರಾಣಿಸಾಮಾನ್ಯವನ್ನು ಹೇಳುತ್ತಿರಲು, ಅದರ ಸಹೋದರವಾದ ‘ಡಿಯರ್’ ಜಿಂಕೆಯ ಜಾತಿಯೊಂದಕ್ಕೇ ನಿಂತಿತು. ಕನ್ನಡಿಗರು ಮಾತ್ರ ‘ಮೃಗ’ವೆಂಬ ತತ್ಸಮವನ್ನು ಅದರ ಹಳೆಯ ವಿಸ್ತಾರದಲ್ಲಿಯೇ ಉಳಿಸಿಕೊಂಡಿರುವರು. ಆದುದರಿಂದ ‘ಹೌಂಡ್’ ಕುಗ್ಗಿದುದೂ ‘ಡಾಗ್’ ಹಿಗ್ಗಿದುದೂ ಅಪೂರ್ವವಲ್ಲ.

3

ಇನ್ನು ಲಾಕ್ಷಣಿಕಾರ್ಥಗಳು. ಮುಖ್ಯಾರ್ಥವು ಹೊಂದದಿದ್ದಾಗ, ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ರೂಢಿಯಿಂದಲೋ ಪ್ರಯೋಜನದಿಂದಲೋ ಬೋಧಿಸುವುದು ಲಕ್ಷಣೆ. ಆ ಸಂಬಂಧವು ಸಾದೃಶ್ಯವಾದರೆ ಅದು ಗೌಣಿ. ಹುಡುಗನನ್ನು ಸಿಂಹವೆಂದಾಗ ಶೌರ್ಯವು ಹೇಗೋ ಹಾಗೆ ‘ಡಾಗ್’ ಶಬ್ದದ ಒಂದೊಂದು ಅರ್ಥದ ಬೆನ್ನಿಗೂ ನಾಯಿಯ ಒಂದೊಂದು ಗುಣವಿದೆ. ಅವುಗಳನ್ನು ಮುಖ್ಯವಾಗಿ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಅನುಗಮನ, ಎಂದರೆ ಬಿಡದೆ ಹಿಂಬಾಲಿಸುವುದು. ‘ಡಾಗ್’ ಕ್ರಿಯಾಪದವಾದಾಗ ಇದೇ ಅದರ ಅರ್ಥ. ‘ಡಾಗೆಡ್’ ಎಂಬ ವಿಶೇಷಣದ ಚರಿತ್ರೆಯು ಇನ್ನೂ ಕುತೂಹಲಕರವಾದುದು. ಮೊದಲು ಅದು ನಾಯಿಯ ದೋಷಗಳನ್ನು, ಎಂದರೆ ಕ್ರೌರ್ಯವನ್ನೂ ಸಿಡುಕನ್ನೂ ಹೇಳುತ್ತಿತ್ತು. ಕಾಲಕ್ರಮದಲ್ಲಿ ಹಿಡಿದ ಕೆಲಸವನ್ನು ಬಿಡದ ಛಲವೆಂಬ ಗುಣಕ್ಕೆ ತಿರುಗಿತು. ಮನುಷ್ಯನು ಆ ರೀತಿಯಲ್ಲಿ ಹಟಹಿಡಿದು ಕುಳಿತರೆ ಯಾವಾಗಲಾದರೂ ಬರೆಯಬಲ್ಲನೆಂದು ಡಾಕ್ಟರ್ ಜಾನ್ಸನ್ ಹೇಳುತ್ತಿದ್ದುದನ್ನು ಬಾಸ್ವೆಲ್ 1791ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ದಾಖಲಿಸಿರುವನು. ಅನುಗಮನವೊಂದೇ ನೋಡುವವರ ದೃಷ್ಟಿಗೆ ತಕ್ಕಂತೆ ಗುಣವೂ ದೋಷವೂ ಆಗುವುದನ್ನು ಸಂಸ್ಕೃತವಾಙ್ಮಯದಲ್ಲಿಯೂ ಕಾಣಬಹುದು. ಪರಸೇವೆಯನ್ನು ಮನುವು ಶ್ವವೃತ್ತಿಯೆಂದು ನಿಂದಿಸಿರುವನು. ಮಹಾಭಾರತದ ಮಹಾಪ್ರಸ್ಥಾನಿಕಪರ್ವದಲ್ಲಿಯಾದರೋ, ಕಡೆಯವರೆಗೂ ಹಿಂದೆ ಬಂದ ನಾಯಿಯನ್ನು ಬಿಟ್ಟು ಯುಧಿಷ್ಠಿರನು ಸ್ವರ್ಗಕ್ಕೂ ಹೋಗಲೊಲ್ಲನು.

ಎರಡನೆಯದು ದಂಶನ, ಕಚ್ಚಿ ಹಿಡಿಯುವುದು. ಅಮರನ ‘ಮೃಗದಂಶಕ’ದಲ್ಲಿ ಯಾವ ಗುಣವಿದೆಯೋ ಅದೇ ಇಲ್ಲಿ ಕಬ್ಬಿಣಕ್ಕೆ ಸಂಕ್ರಮಿಸಿದೆ. ತೊಲೆಗಳನ್ನು ಹಿಡಿಯುವ ಬಾಗಿದ ಮೊಳೆ, ಹಡಗಿನ ಬಾಗಿಲನ್ನು ಬಿಗಿಯುವ ಅಗುಳಿ, ಚರಕಿಯಂತ್ರದಲ್ಲಿ ವಸ್ತುವನ್ನು ಹಿಡಿದು ತಿರುಗಿಸುವ ಉಪಕರಣ ಇವೆಲ್ಲವೂ ‘ಡಾಗ್’ಗಳು.

ಮೂರನೆಯದು ಆಕಾರ ಮತ್ತು ನಿಲುವು. ಚಳಿದೇಶದ ಮನೆಗಳಲ್ಲಿ ಅಗ್ಗಿಷ್ಟಿಕೆಯ ಎರಡು ಕಡೆಯೂ ಕುಳಿತು ಸೌದೆಯನ್ನು ಎತ್ತಿಹಿಡಿಯುವ ಕಬ್ಬಿಣದ ಜೋಡಿಗೆ ‘ಫೈರ್ ಡಾಗ್’ ಎಂದು ಹೆಸರು. ಫ್ರೆಂಚರೂ ಇದನ್ನು ತಮ್ಮ ಭಾಷೆಯ ನಾಯಿಯ ಶಬ್ದದಿಂದಲೇ ಹುಟ್ಟಿದ ‘ಶನೆ’ ಎಂಬ ಹೆಸರಿನಿಂದ ಕರೆಯುವರು. ಬೆಂಕಿಯ ಮುಂದೆ ಮುಂಗಾಲೂರಿ ಕುಳಿತ ಮನೆನಾಯಿಯನ್ನು ಕಂಡ ಕಣ್ಣಿಗೆ ಈ ಸಾದೃಶ್ಯವು ಸಹಜವಾಗಿ ಹೊಳೆಯತಕ್ಕದ್ದೇ. ರೈಲು ಹಳಿಗಳನ್ನು ಮರದ ದಿಮ್ಮಿಗಳಿಗೆ ಬಿಗಿಯುವ ‘ಡಾಗ್ ಸ್ಪೈಕ್’ ಎಂಬ ದಪ್ಪ ಮೊಳೆಯ ತಲೆಗೆ ಎರಡು ಪಕ್ಕಗಳಲ್ಲಿಯೂ ಕಿವಿಯಂತಹ ಚಾಚುಗಳಿರುವುದರಿಂದ ಅಲ್ಲಿ ದಂಶನವೂ ಆಕಾರವೂ ಎರಡೂ ಕೂಡಿವೆ. ಪುಸ್ತಕದ ಹಾಳೆಯ ಮೂಲೆಯು ಮಡಿಸಿಕೊಂಡಿರುವುದಕ್ಕೆ ‘ಡಾಗ್ಸ್ ಇಯರ್’, ನಾಯಿಯ ಕಿವಿ, ಎಂಬ ಹೆಸರು. ಪುಸ್ತಕಪ್ರಿಯರಿಗೆ ಈ ಪದಾರ್ಥದ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ.

ನಾಲ್ಕನೆಯದು ಹೀನತೆ. ವ್ಯಾಕರಣಕೆಟ್ಟ ಲ್ಯಾಟಿನ್ನಿಗೆ ‘ಡಾಗ್ ಲ್ಯಾಟಿನ್’ ಎನ್ನುವರು. ಕುಂಟುವ ಛಂದಸ್ಸಿನ ಕೀಳುಪದ್ಯಕ್ಕಿರುವ ‘ಡಾಗರೆಲ್’ ಎಂಬ ಹೆಸರೂ ಇದರಿಂದಲೇ ಹುಟ್ಟಿರಬೇಕೆಂದು ಬಹುಮಂದಿ ಕೋಶಕಾರರ ಮತ. 14ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಸರ್ ಕವಿಯು ತನ್ನ ‘ಕ್ಯಾಂಟರ್‌ಬರಿ’ ಕಥೆಗಳಲ್ಲಿ ತಾನೇ ಒಂದು ಕಥೆಯನ್ನು ಹೇಳತೊಡಗಿ, ಛತ್ರದ ಯಜಮಾನನು ಅದನ್ನು ತಡೆದು ‘ಡಾಗರೆಲ್’ ಎಂದು ಮೂದಲಿಸುವಂತೆ ಮಾಡಿರುವನು. ಹಾಳಾಗಿ ಹೋಗುವುದಕ್ಕೆ ‘ನಾಯಿಗಳ ಬಳಿಗೆ ಹೋಗುವುದು’ ಎಂಬ ಅವರ ಮಾತು, ಆಸ್ತಿಯು ನಾಯಿನರಿಗಳ ಪಾಲಾಯಿತೆಂಬ ಕನ್ನಡದ ಮಾತಿಗೆ ತೀರ ಸಮೀಪವಾದುದು.

ಹೀನತೆಯನ್ನು ಸೂಚಿಸಲು ಗಿಡಗಳಿಗೆ ನಾಯಿಯ ಹೆಸರನ್ನು ಹಚ್ಚುವ ಪದ್ಧತಿಯು ಎರಡು ಭಾಷೆಗಳಲ್ಲಿಯೂ ಇದೆ. ಪರಿಮಳವಿಲ್ಲದ ಒಂದು ಬಗೆಯ ‘ವಯೊಲೆಟ್’ ಹೂವಿಗೆ ಆಂಗ್ಲರು ‘ಡಾಗ್ ವಯೊಲೆಟ್’ ಎನ್ನುವರು. ಸಾಸಿವೆಯ ಹಾಗೆ ಕಂಡು ಸಾಸಿವೆಯಲ್ಲದ ಕಳೆಯು ಕನ್ನಡದಲ್ಲಿ ನಾಯಿಸಾಸಿವೆ; ಮಳೆಗಾಲದಲ್ಲಿ ತಿಪ್ಪೆಯ ಬದಿಯಲ್ಲೇಳುವ ಅಣಬೆಯು ನಾಯಿಕೊಡೆ. ಅದೇ ಅಣಬೆಯನ್ನು ಆಂಗ್ಲರು ಕಪ್ಪೆಯ ಪೀಠವೆಂದು ಹೆಸರಿಸಿರುವುದನ್ನು ನೋಡಿದರೆ, ಪ್ರಾಣಿಯು ಬೇರೆಯಾದರೂ ಹೆಸರಿಡುವ ಬುದ್ಧಿಯು ಒಂದೇ ಎಂಬುದು ಸ್ಫುಟವಾಗುವುದು.

4

ಆದರೆ ಎಲ್ಲ ಕಡೆಯೂ ಗುಣವನ್ನು ಊಹೆಯಿಂದಲೇ ನಿಶ್ಚಯಿಸಲಾಗದು. ‘ಡಾಗ್ ರೋಸ್’ ಎಂಬ ಕಾಡುಗುಲಾಬಿಯನ್ನು ‘ಡಾಗ್ ವಯೊಲೆಟ್’ ಹೂವಿನೊಡನೆ ಹೋಲಿಸಿ, ಇದೂ ಹೀನವಾದ ಗುಲಾಬಿಯಾಗಿರಬೇಕೆಂದು ಹೇಳುವುದು ಸುಲಭ. ಆ ಹೆಸರಾದರೋ ಪ್ರಾಚೀನರಿಂದ ಲ್ಯಾಟಿನ್ ಮೂಲಕ ಬಂದುದು. ಅದರ ಬೇರು ಹುಚ್ಚುನಾಯಿಯ ಕಡಿತಕ್ಕೆ ಔಷಧವೆಂದು ರೋಮಿನ ಪ್ಲಿನಿಯು ಬರೆದಿರುವನು. ಕನ್ನಡದ ‘ನಾಯಿಕೆಮ್ಮು’ ಎಂಬಲ್ಲಿಯೂ ಹೀನತೆಯಿಲ್ಲ, ಬೊಗಳುವಂತಹ ಧ್ವನಿಯಿದೆ.

‘ಡಾಗ್ ಡೇಸ್’ ಎಂಬ ಪ್ರಯೋಗವೂ ಇಂತಹುದೇ. ಬಿರುಬೇಸಗೆಯ ಈ ದಿನಗಳಿಗೆ, ಆಗ ನಾಯಿಗಳಿಗೆ ಹುಚ್ಚು ಹಿಡಿಯುವುದರಿಂದ ಈ ಹೆಸರು ಬಂತೆಂದು ಜನರು ಹೇಳುವುದುಂಟು. ವಾಸ್ತವವಾಗಿ ಇದು ಲ್ಯಾಟಿನ್ ಹೆಸರಿನ ಅನುವಾದ. ಅತ್ಯಂತ ಪ್ರಕಾಶಮಾನವಾದ ‘ಸಿರಿಯಸ್’ ನಕ್ಷತ್ರವನ್ನು ಗ್ರೀಕರೂ ರೋಮನರೂ ನಾಯಿಯೆಂದು ಕರೆದರು. ಅದು ಸೂರ್ಯನೊಡನೆ ಉದಯಿಸುವ ಕಾಲವು ಅವರ ದೇಶಗಳಲ್ಲಿ ಕಡುಬೇಸಗೆ. ಅದೇ ನಕ್ಷತ್ರವು ಸೂರ್ಯಸಿದ್ಧಾಂತದಲ್ಲಿ ಮೃಗವ್ಯಾಧ. ಅಲ್ಲಿ ಬೇಟೆಗಾರನ ನಾಯಿಯಾದುದು ಇಲ್ಲಿ ಬೇಟೆಗಾರನೇ ಆಗಿದೆ.

ಕೆಲವು ಕಡೆ ಲಕ್ಷಣೆಯು ಸರಪಳಿಯಾಗುವುದು. ‘ದ್ವಿರೇಫ’ವೆಂದರೆ ಎರಡು ರಕಾರಗಳುಳ್ಳದ್ದು, ಅದರಿಂದ ‘ಭ್ರಮರ’ವೆಂಬ ಶಬ್ದ, ಆ ಶಬ್ದದಿಂದ ದುಂಬಿ. ಆಲಂಕಾರಿಕರು ಇದನ್ನು ಲಕ್ಷಿತಲಕ್ಷಣೆಯೆನ್ನುವರು. ಇದಕ್ಕೆ ಹೋಲುವ ಪರಂಪರೆಯೊಂದು ‘ಕನೇರಿ’ ಎಂಬ ಹಳದಿಹಕ್ಕಿಯ ಹೆಸರಿನಲ್ಲಿದೆ. ಆಫ್ರಿಕದ ಪಶ್ಚಿಮದಲ್ಲಿರುವ ದ್ವೀಪವೊಂದಕ್ಕೆ ಅಲ್ಲಿಯ ದೊಡ್ಡ ನಾಯಿಗಳಿಂದ ‘ಕನಾರಿಯ’ ಎಂಬ ಹೆಸರು ಬಂತೆಂದು ಪ್ಲಿನಿಯ ಹೇಳಿಕೆ. ಆ ದ್ವೀಪಗಳಿಂದ ಹಕ್ಕಿಗೆ ಹೆಸರು. ಹಕ್ಕಿಯಿಂದ ಒಂದು ಬಗೆಯ ಹಳದಿ ಬಣ್ಣಕ್ಕೂ ಹೆಸರು. ಹೀಗೆ ಲ್ಯಾಟಿನಿನ ನಾಯಿಯು ಆಂಗ್ಲಭಾಷೆಯಲ್ಲಿ ಬಣ್ಣವಾಗಿ ಕುಳಿತಿದೆ.

ಇದಕ್ಕೆ ಪ್ರತಿಯಾಗಿ, ಕೇವಲ ಅಕ್ಷರಸಾಮ್ಯವನ್ನು ನೋಡಿ ಸಂಬಂಧವನ್ನು ಕಲ್ಪಿಸಲೂಬಾರದು. ಮತಸಿದ್ಧಾಂತವೆಂಬರ್ಥದ ‘ಡಾಗ್ಮ’ ಗ್ರೀಕ್ ಮೂಲದ್ದು. ಅದಕ್ಕೂ ನಾಯಿಗೂ ಏನೇನೂ ಸಂಬಂಧವಿಲ್ಲ. ಲೋಕದ ನಡತೆಯನ್ನು ಹಳಿಯುವವನೆಂಬರ್ಥದ ‘ಸಿನಿಕ್’ ಶಬ್ದಕ್ಕೆ, ರೂಪದಲ್ಲಿ ಸಾಮ್ಯವಿಲ್ಲದಿದ್ದರೂ, ಗ್ರೀಕ್ ಭಾಷೆಯಲ್ಲಿ ನಾಯಿಯಂತಹವನೆಂದೇ ಅರ್ಥ. ಅಕ್ಷರವು ಕೂಡಿದಲ್ಲಿ ನಾಯಿಯಿಲ್ಲ; ನಾಯಿಯಿದ್ದಲ್ಲಿ ಅಕ್ಷರವು ಕೂಡದು.

5

ಇಲ್ಲಿ ಶಾಸ್ತ್ರೀಯವಾದ ಒಂದು ಪ್ರಶ್ನೆ ಏಳುವುದು. ರೈಲು ಹಾದಿಯಲ್ಲಿ ಮೊಳೆ ಹೊಡೆಯುವವನು ‘ಡಾಗ್ ಸ್ಪೈಕ್’ ಎಂದಾಗ ಅವನ ಮನಸ್ಸಿಗೆ ನಾಯಿಯು ಬರುವುದೇ? ಬರದಿದ್ದರೆ ಅದನ್ನು ಲಕ್ಷಣೆಯೆಂದು ಹೇಗೆ ಹೇಳುವುದು?

ಈ ಪ್ರಶ್ನೆಯು ಹೊಸದಲ್ಲ. ‘ಕುಶಲ’ವೆಂದರೆ ಮೂಲತಃ ದರ್ಭೆಯನ್ನು ಕೊಯ್ದು ತರುವವನು, ನಿಪುಣನೆಂಬುದು ರೂಢಿಲಕ್ಷಣೆಯಿಂದ ಬಂದ ಅರ್ಥವೆಂದು ಮಮ್ಮಟನ ಮತ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಇದನ್ನೊಪ್ಪುವುದಿಲ್ಲ. ಶಬ್ದವು ಹುಟ್ಟಲು ಕಾರಣವು ಬೇರೆ, ಅದು ಬಳಕೆಯಲ್ಲಿ ಪ್ರವರ್ತಿಸಲು ಕಾರಣವು ಬೇರೆ. ಹುಟ್ಟಿನ ಅರ್ಥವೇ ಮುಖ್ಯಾರ್ಥವೆನ್ನುವುದಾದರೆ, ಹೋಗುವುದೆಂಬ ಧಾತುವಿನಿಂದಾದ ‘ಗೋ’ ಶಬ್ದವನ್ನು ಮಲಗಿರುವ ಹಸುವಿಗೆ ಹೇಳಿದಾಗಲೂ ಲಕ್ಷಣೆಯೆನ್ನಬೇಕಾದೀತು ಎಂದು ಅವನು ವಾದಿಸುವನು.

ಪ್ರಕೃತ ವಿಷಯಕ್ಕೆ ಈ ವಾದವನ್ನು ಅನ್ವಯಿಸಿದರೆ ‘ಡಾಗ್’ ಶಬ್ದದ ಅರ್ಥಗಳು ಎರಡು ರಾಶಿಗಳಾಗಿ ಒಡೆಯುವುವು. ಕಬ್ಬಿಣದ ಕೊಕ್ಕೆ, ಅಗ್ಗಿಷ್ಟಿಕೆಯ ಕಾಲು, ಬೆನ್ನಟ್ಟುವ ಕ್ರಿಯೆ ಇವುಗಳಲ್ಲಿ ಸಾದೃಶ್ಯವು ಹುಟ್ಟಿಗೆ ಮಾತ್ರ ಕಾರಣ. ಬಳಕೆಯಲ್ಲಿ ಅವು ಮುಖ್ಯಾರ್ಥಗಳೇ ಆಗಿವೆ. ಒಬ್ಬ ಮನುಷ್ಯನನ್ನು ‘ಡಾಗ್’ ಎಂದು ಕರೆದಾಗಲಾದರೋ ಪ್ರಾಣಿಯು ಕಣ್ಣಮುಂದೆ ನಿಂತೇ ಇರುವುದು; ಅದು ನಿಲ್ಲದಿದ್ದರೆ ಮಾತಿನ ಪ್ರಯೋಜನವೇ ಇಲ್ಲ. ಮೊದಲನೆಯ ರಾಶಿಯಲ್ಲಿ ಮಮ್ಮಟನ ಮಾರ್ಗವು ಚರಿತ್ರೆಗೆ ಉಪಯುಕ್ತ, ವಿಶ್ವನಾಥನ ಮಾರ್ಗವು ಬಳಕೆಗೆ ಉಪಯುಕ್ತ. ಎರಡನೆಯ ರಾಶಿಯಲ್ಲಿ ಇಬ್ಬರಿಗೂ ವಿವಾದವಿಲ್ಲ.

ಈ ವಿಭಾಗವು ಕನ್ನಡಿಸುವವರಿಗೆ ಬಹು ಪ್ರಯೋಜನಕಾರಿ. ಮೊದಲನೆಯ ರಾಶಿಯ ಅರ್ಥಗಳನ್ನು ಕನ್ನಡಕ್ಕೆ ತರುವಾಗ ನಾಯಿಯನ್ನು ತರಬೇಕಾದುದಿಲ್ಲ. ಕೊಕ್ಕೆಯನ್ನು ಕೊಕ್ಕೆಯೆಂದರೆ ಸಾಕು. ಎರಡನೆಯದರಲ್ಲಿ ಎಚ್ಚರವು ಬೇಕು. ಗೆಳೆಯನೊಬ್ಬನಿಗೆ ಶುಭವೊದಗಿದಾಗ ಆಂಗ್ಲರು ‘ಲಕಿ ಡಾಗ್’ ಎಂದು ಸಲಿಗೆಯಿಂದ ಕರೆಯುವರು. ಅಲ್ಲಿ ಬೈಗಳಿಲ್ಲ, ಅಕ್ಕರೆಯೂ ತುಸು ಹೊಟ್ಟೆಕಿಚ್ಚೂ ಇವೆ. ಕನ್ನಡದಲ್ಲಿ ಅದನ್ನು ನಾಯಿಯೆಂದೇ ಅನುವಾದಿಸಿದರೆ ಸ್ನೇಹವು ಜಗಳವಾದೀತು. ‘ಅದೃಷ್ಟವಂತ ಕಣಯ್ಯ’ ಎಂಬುದೇ ಅದಕ್ಕೆ ಸರಿಯಾದ ಕನ್ನಡ. ‘ಅಂಡರ್‌ಡಾಗ್’ ಎಂಬುದು ಇನ್ನೂ ಸೂಕ್ಷ್ಮ. ನಾಯಿಗಳ ಕಾದಾಟದಲ್ಲಿ ಕೆಳಗೆ ಬಿದ್ದುದರ ಈ ಹೆಸರು 19ನೆಯ ಶತಮಾನದ ಉತ್ತರಾರ್ಧದಿಂದ ಬಲಿಷ್ಠರೆದುರು ದುರ್ಬಲನಾದ ಸ್ಪರ್ಧಿಗೆ, ದಬ್ಬಾಳಿಕೆಗೊಳಗಾದವನಿಗೆ ಸಲ್ಲತೊಡಗಿ, ಕೇಳುವವರ ಮರುಕವನ್ನು ಸೆಳೆಯುವುದು. ‘ಕೆಳಗಿನ ನಾಯಿ’ ಎಂದು ಕನ್ನಡಿಸಿದ ಕೂಡಲೇ ಆ ಮರುಕವು ತಿರಸ್ಕಾರವಾಗಿ, ಲೇಖಕನು ಯಾರ ಪಕ್ಷವನ್ನು ವಹಿಸಿರುವನೋ ಅವರನ್ನೇ ಹಳಿದಂತಾಗುವುದು. ಶಬ್ದವು ಸರಿಯಾಗಿದ್ದು ಅರ್ಥವು ತಲೆಕೆಳಗಾಗುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಇದಕ್ಕೆ ವ್ಯತಿರಿಕ್ತವಾಗಿ, ನಾಯಿಯ ಬಾಳೆಂಬ ಅವರ ನುಡಿಗೆ ‘ನಾಯಿಪಾಡು’ ಎಂಬ ಕನ್ನಡವು ಅಕ್ಷರಶಃ ಒಪ್ಪುವುದು. ಗುಣವೂ ಭಾವವೂ ಎರಡೂ ಕೂಡಿದಲ್ಲಿ ಮಾತ್ರ ಪ್ರಾಣಿಯನ್ನು ಉಳಿಸಿಕೊಳ್ಳಬಹುದು.

6

ಹಲವರ್ಥಗಳಲ್ಲಿ ಯಾವುದನ್ನು ಎಲ್ಲಿ ಗ್ರಹಿಸಬೇಕೆಂಬುದಕ್ಕೆ ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಸಂಯೋಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ, ಶಬ್ದಾಂತರಸನ್ನಿಧಿ, ದೇಶ, ಕಾಲ ಮೊದಲಾದ ನಿಯಾಮಕಗಳನ್ನು ಹೇಳಿರುವನು. ವಿಷ್ಣುವಿಗೂ ಸಿಂಹಕ್ಕೂ ಕಪಿಗೂ ಕಪ್ಪೆಗೂ ಸಲ್ಲುವ ‘ಹರಿ’ ಶಬ್ದವು ಶಂಖಚಕ್ರಗಳೊಡನೆ ಬಂದರೆ ವಿಷ್ಣುವೆಂಬುದು ಸಂಯೋಗಕ್ಕೆ ಶಾಲೆಗಳಲ್ಲಿ ಹೇಳುವ ಉದಾಹರಣೆ. ಈ ನಿಯಾಮಕಗಳು ಪರಭಾಷೆಯ ಶಬ್ದಕ್ಕೂ ಕುಂದಿಲ್ಲದೆ ಅನ್ವಯಿಸುವುವು. ಬೆಕ್ಕಿನ ಸಾಹಚರ್ಯದಲ್ಲಿ ‘ಡಾಗ್’ ಪ್ರಾಣಿಯೇ; ಕಮ್ಮಾರಸಾಲೆಯೆಂಬ ದೇಶದಲ್ಲಿ ಅದು ಕೊಕ್ಕೆ; ‘ಲಕಿ’ ಎಂಬ ಶಬ್ದದ ಸನ್ನಿಧಿಯಲ್ಲಿ ಗೆಳೆಯ. ಹಡಗಿನಲ್ಲಿ ಸಂಜೆಯ 4ರಿಂದ 8 ಗಂಟೆಯವರೆಗಿನ ಕಾಲದಲ್ಲಿ ‘ಡಾಗ್ ವಾಚ್’ ಎಂದರೆ ಎರಡೆರಡು ಗಂಟೆಗಳ ಅರ್ಧಪಹರೆ. ಉಳಿದ ಪಹರೆಗಳು ನಾಲ್ಕು ಗಂಟೆಗಳವು. ನಾವಿಕರಿಗೆ ದಿನವೂ ಒಂದೇ ಹೊತ್ತಿನ ಪಹರೆ ಬೀಳದಿರಲೆಂದು ಆ ಒಂದನ್ನು ಎರಡಾಗಿ ಒಡೆದಿರುವರು.

ಆಂಗ್ಲಕನ್ನಡ ಕೋಶಗಳ ರಚನೆಯು 1824ರಲ್ಲಿ ಪ್ರಕಟವಾದ ರೀವರ ಕೋಶದಿಂದ ಮೊದಲುಗೊಂಡು, 1946ರ ಮೈಸೂರು ವಿಶ್ವವಿದ್ಯಾನಿಲಯದ ನಿಘಂಟನ್ನು ಒಳಗೊಂಡು, ಈವರೆಗೂ ನಡೆದುಬಂದಿದೆ. ಇನ್ನು ಮುಂದೆ ರಚಿಸತಕ್ಕ ಕೋಶಗಳಲ್ಲಿ ಇಂತಹ ಪ್ರಾಣಿವಾಚಕಗಳಿಗೆ ಅಂಕಿಯ ಕ್ರಮಕ್ಕೆ ಬದಲಾಗಿ ಗುಣದ ಕ್ರಮವನ್ನು ಅನುಸರಿಸುವುದು ಯುಕ್ತ. ಅನುಗಮನ, ದಂಶನ, ಆಕಾರ, ಹೀನತೆ ಎಂದು ನಾಲ್ಕು ತಲೆಗಳನ್ನಿಟ್ಟು ಅವುಗಳ ಕೆಳಗೆ ಅರ್ಥಗಳನ್ನು ಹಂಚಿ, ಗುಣದಿಂದ ಹುಟ್ಟದೆ ಅನುವಾದದಿಂದ ಬಂದ ನಕ್ಷತ್ರ, ಕಾಡುಗುಲಾಬಿ ಮೊದಲಾದುವನ್ನು ಪ್ರತ್ಯೇಕವಾಗಿ ತೋರಿಸಿ, ಬೈಗಳಾಗಿ ಬಂದಿದೆಯೋ ಸಲಿಗೆಯಾಗಿ ಬಂದಿದೆಯೋ ಎಂಬುದನ್ನು ಒಂದು ಮಾತಿನಲ್ಲಿ ಸೂಚಿಸಿದರೆ ಓದುವವನು ಪಟ್ಟಿಯಲ್ಲಿಲ್ಲದ ಅರ್ಥವನ್ನೂ ತಾನೇ ಕಂಡುಕೊಳ್ಳಬಲ್ಲನು. ‘ಹಾರ್ಸ್’, ‘ಕ್ಯಾಟ್’, ‘ಬುಲ್’ ಮೊದಲಾದ ಶಬ್ದಗಳಿಗೂ ಇದೇ ಪರೀಕ್ಷೆಯನ್ನು ನಡೆಸಬಹುದು. ಹಾಗೆಯೇ ‘ನಾಯಿ’, ‘ಆನೆ’, ‘ಕತ್ತೆ’, ‘ಹಂದಿ’ ಎಂಬ ಅಚ್ಚಗನ್ನಡ ಶಬ್ದಗಳು ಗಿಡಗಳಿಗೂ ರೋಗಗಳಿಗೂ ಉಪಕರಣಗಳಿಗೂ ಹರಡಿರುವ ಬಗೆಯನ್ನು ಸಂಗ್ರಹಿಸುವ ಕೆಲಸವು ನಾಡಿನ ಹಳ್ಳಿಹಳ್ಳಿಗಳಲ್ಲಿ ವಿದ್ವಾಂಸರಿಗಾಗಿ ಕಾದಿದೆ.